ಧರ್ಮದ ಕಾಲಂ, ಜಾತಿಯ ಕಾಲಂ

ನನ್ನ ಮಗಳಿಗೆ ಸರ್ಕಾರಿ ಕೋಟಾದ ಇಂಜಿನಿಯರಿಂಗ್ ಸೀಟು ತಪ್ಪಿದ್ದು ನನ್ನಿಂದ. ಅವಳ ಓದು ಚೆನ್ನಾಗಿತ್ತು, ಕಾನೂನೂ ಅವಳ ಪರವಾಗಿಯೇ ಇತ್ತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡವರು, ತೆಗೆದುಕೊಳ್ಳಬೇಕೆಂದಿರುವವರು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಮಾದಿಗರ ಮನೆ. ನನ್ನ ಟಿ.ಸಿ.ಯಲ್ಲಿ ಹಿಂದೂ, ಆದಿ ಕರ್ನಾಟಕ ಎಂದಿದೆ. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊತ್ತು ನಮ್ಮನ್ನು ಸಾಕಿದ. ಊರಿನ ಹೋಟೆಲಿನಲ್ಲಿ ಅವನಿಗೆ ಬೇರೆ ಲೋಟ. ಕುಡಿದು, ತೊಳೆದು, ಗೋಡೆಯ ಗೂಡಿನಲ್ಲಿ ಇಟ್ಟು ಬರಬೇಕಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಭಂತೇಜಿಯವರ ಮುಂದೆ ನಾನೂ ಹೇಳಿದ ದಿನ, ಆ ಲೋಟವನ್ನು ಒಡೆದುಹಾಕಿದಷ್ಟು ಹಗುರವಾಗಿದ್ದೆ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಧರ್ಮ ಬೌದ್ಧ, ಜಾತಿಯೂ ಬೌದ್ಧ ಎಂದು ಬರೆಸಿದೆ. 'ಜಾತಿ ಹಾಗೇ ಇರ್ಲಪ್ಪ, ಮುಂದೆ ಬೇಕಾಗ್ತದೆ' ಎಂದರು ಮೇಷ್ಟ್ರು. 'ಬಿಟ್ಟು ಬಂದಿದ್ದನ್ನ ಮತ್ತೆ ಯಾಕೆ ಬರಸ್ಲಿ ಸಾರ್' ಎಂದೆ.

ಸಿಇಟಿ ಅರ್ಜಿಗೆ ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬೇಕಾಯಿತು. ಶಾಲೆಯ ದಾಖಲೆಯಲ್ಲಿ ಪರಿಶಿಷ್ಟ ಜಾತಿಯ ಹೆಸರೇ ಇಲ್ಲದ ಮೇಲೆ ಯಾವ ಆಧಾರದ ಮೇಲೆ ಕೊಡಲಿ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿದರು. ನಿಮ್ಮ ಟಿ.ಸಿ., ವಂಶವೃಕ್ಷ, ಅಣ್ಣತಮ್ಮಂದಿರ ಪ್ರಮಾಣಪತ್ರ ತನ್ನಿ ಎಂದೂ ಹೇಳಿದರು. ಎಲ್ಲವೂ ಮನೆಯ ಟ್ರಂಕಿನಲ್ಲೇ ಇದ್ದವು. ನಾನು ತರಲಿಲ್ಲ. ಹಿಂದೂ ಎಂದಿರುವ ಆ ಕಾಗದವನ್ನು ಕೈಯಾರೆ ಕೊಟ್ಟರೆ ದೀಕ್ಷೆಯೇ ಸುಳ್ಳಾಗುತ್ತದೆ ಎಂದು ಹಟ ಹಿಡಿದೆ. 'ಅಪ್ಪಾಜಿ, ಕಾಗದ ಕೊಟ್ರೆ ಬುದ್ಧ ಬಿಟ್ಟುಹೋಗ್ತಾನಾ?' ಎಂದಳು ಮಗಳು. ಬೈದೆ. ಕೊನೆಯ ದಿನಾಂಕ ದಾಟಿತು. ಜನರಲ್ ಮೆರಿಟ್‌ನಲ್ಲಿ ಅವಳ ರ‍್ಯಾಂಕಿಗೆ ಸೀಟು ಬರಲಿಲ್ಲ.

ಕಾನೂನನ್ನು ಓದಿದ್ದು ಆಮೇಲೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಎಂದರೆ ಮಾದಿಗನೊಬ್ಬ ಬೌದ್ಧನಾದರೂ ಪರಿಶಿಷ್ಟ ಜಾತಿಯ ಹಕ್ಕು ಉಳಿಯುತ್ತದೆ, ಆದರೆ ಪಟ್ಟಿಯಲ್ಲಿರುವ ಜಾತಿಯನ್ನು ಅವನು ತೋರಿಸಬೇಕು. ಬೌದ್ಧ ಎನ್ನುವುದು ಆ ಪಟ್ಟಿಯಲ್ಲಿರುವ ಜಾತಿಯಲ್ಲ. ಧರ್ಮದ ಕಾಲಂನಲ್ಲಿ ನಾವು ಆರಿಸಿಕೊಂಡದ್ದನ್ನು ಬರೆಯುತ್ತೇವೆ, ಜಾತಿಯ ಕಾಲಂನಲ್ಲಿ ಊರು ನಮಗೆ ಮಾಡಿದ್ದನ್ನು. ಅಪ್ಪನ ಲೋಟದ ಲೆಕ್ಕ ಇರುವುದು ಈ ಎರಡನೆಯದರಲ್ಲಿ. ಅದನ್ನು ನಾನೇ ಅಳಿಸಿ ಕೂತಿದ್ದೆ. ಇನ್ನು ಕೆಲವರು ಮೀಸಲಾತಿ ಹೋದೀತೆಂದು ಬೌದ್ಧ ಎಂದು ಬರೆಸಲೇ ಹೆದರುತ್ತಾರೆ. 2001ರ ಜನಗಣತಿಯಲ್ಲಿ ಸುಮಾರು 3.93 ಲಕ್ಷವಿದ್ದ ಕರ್ನಾಟಕದ ಬೌದ್ಧರು 2011ರಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿದರು. ಅದರ ಹಿಂದೆ ಈ ಹೆದರಿಕೆಯ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ.

ಮತಾಂತರವಾದವರೆಲ್ಲರಿಗೂ ಈ ದಾರಿ ಇಲ್ಲ. ಕ್ರೈಸ್ತರಾದ ನಮ್ಮ ನೆಂಟರಿಗೆ ಇಲ್ಲ. ಆಂಧ್ರದ ಗುಂಟೂರು ಸೀಮೆಯ ಕೊತ್ತರೆಡ್ಡಿಪಾಲೆಂನಲ್ಲಿ ಬೆನೆ ಎಫ್ರಾಯಿಂ ಎಂದು ಕರೆದುಕೊಳ್ಳುವ ಮಾದಿಗ ಕುಟುಂಬಗಳು ಯಹೂದಿ ಧರ್ಮ ಪಾಲಿಸುತ್ತಿವೆ. 1950ರ ಆದೇಶದಲ್ಲಿ ಯಹೂದಿಗಳಿಗೆ ಜಾಗವಿಲ್ಲ, ಅತ್ತ ಇಸ್ರೇಲಿನ ಧರ್ಮಗುರುಗಳ ಮುಂದೆ ತಾವು ಯಹೂದಿಗಳೆಂದು ತೋರಿಸಬೇಕಾದ ಹೊರೆಯೂ ಅವರದೇ. ತಾವೂ ಯಹೂದಿ ಮೂಲದವರು ಎನ್ನುವ ಮಣಿಪುರ, ಮಿಜೋರಾಂಗಳ ಬ್ನೇ ಮೆನಾಶೆ ಜನರನ್ನು 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಒಪ್ಪಿಕೊಂಡರು. ಆದರೂ ಅವರು ವಿಧಿವತ್ತಾಗಿ ಮತಾಂತರ ಆಗಲೇಬೇಕಾಯಿತು. ಹಿಂದೂ ಧರ್ಮಕ್ಕೆ ಮರಳಿದವರಿಗೂ ಸುಲಭವಿಲ್ಲ: ಕೆ.ಪಿ. ಮನು ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಮೂಲ ಜಾತಿ, ಮರುಮತಾಂತರ, ಸಮುದಾಯದ ಒಪ್ಪಿಗೆ ಮೂರಕ್ಕೂ ಪುರಾವೆ ಬೇಕೆಂದಿತು. ಇವರ ಮುಂದೆ ನನ್ನ ಕಷ್ಟ ಎಷ್ಟರದು? ನನಗೆ ಬೇಕಿದ್ದದ್ದು ಟ್ರಂಕಿನೊಳಗಿನ ಒಂದು ಟಿ.ಸಿ.

ಸೀಟು ತಪ್ಪಿದ ಆ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆ. ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ನಮ್ಮ ಸಭೆಗಳಲ್ಲಿ ಅವನ್ನು ನಮ್ಮ ನೆಲದ ಬೌದ್ಧ ಗುರುತೆಂದು ನಾನೇ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ಒಳಗೇನಿದೆ ಎಂದು ಓದಿರಲಿಲ್ಲ. ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲೊಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ, ಸಂಘವನ್ನು ಸೇರಿದ ಮೇಲಷ್ಟೇ ಶ್ರಮಪಟ್ಟೆ ಎಂದು ಚಕ್ರವರ್ತಿಯೇ ಅವುಗಳಲ್ಲಿ ಒಪ್ಪಿಕೊಳ್ಳುತ್ತಾನೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದು ಮುಂದುವರಿಯುತ್ತಾನೆ. ನಾನು ಬೌದ್ಧನೆಂದು ತೋರಿಸಲು ರಿಜಿಸ್ಟರನ್ನು ನೆಚ್ಚಿಕೊಂಡಿದ್ದೆ. ಮನೆಯಲ್ಲಿ ಮಗಳ ಮೇಲೆ ಕೂಗಾಡುತ್ತಿದ್ದೆ.

ಅವಳು ಡಿಪ್ಲೊಮಾ ಮಾಡಿ ಈಗ ಕೆಲಸದಲ್ಲಿದ್ದಾಳೆ. ಆ ಸೀಟಿನ ಮಾತು ಅವಳು ಎತ್ತುವುದಿಲ್ಲ, ನಾನೇ ಎತ್ತಿ ಕ್ಷಮೆ ಕೇಳಿದ್ದೇನೆ. ತಮ್ಮನ ಅರ್ಜಿಗೆ ಟ್ರಂಕಿನ ಕಾಗದಗಳನ್ನೆಲ್ಲ ಜೋಡಿಸಿಕೊಟ್ಟವಳು ಅವಳೇ. ಧರ್ಮ ಬೌದ್ಧ, ಜಾತಿ ಆದಿ ಕರ್ನಾಟಕ ಎಂದು ಬರೆದೆವು. ನನ್ನ ಮಾತು ಕೇಳಿ ಕೇರಿಯ ಇನ್ನೂ ಕೆಲವರು ಮಕ್ಕಳ ಜಾತಿಯ ಕಾಲಂನಲ್ಲಿ ಬೌದ್ಧ ಎಂದಷ್ಟೇ ಬರೆಸಿದ್ದರು. ಅವರ ಮನೆಗಳಿಗೆ ಹೋಗಿ ಹಳೆಯ ಟಿ.ಸಿ. ಹುಡುಕಿಸುತ್ತಿದ್ದೇನೆ. ಎರಡು ಮನೆಗಳಲ್ಲಿ ಇನ್ನೂ ಸಿಕ್ಕಿಲ್ಲ.