ಕೋಲು ಹಿಡಿಯುವ ಮೊದಲು

ಔರಾದಿನಲ್ಲಿ ಓದುವಾಗ ನಾನು ಶಾಲೆಯ ಬ್ಯಾಂಡಿನ ಲೀಡರ್. ಸೆಪ್ಟೆಂಬರ್ 17ರ ವಿಮೋಚನಾ ದಿನಾಚರಣೆಗೆ ಬೀದರಿಗೆ ಹೋದೆವು. ಜನ ನನ್ನನ್ನೇ ನೋಡಲಿ ಎಂದು ಕೋಲನ್ನು ಜೋರಾಗಿ ಬೀಸಿದೆ. ಡ್ರಮ್ ಮುಂದೋಡಿತು, ಕೊಳಲು ಹಿಂದುಳಿಯಿತು. ಮೈದಾನವೆಲ್ಲ ನಕ್ಕಿತು.

ಅಳುತ್ತಾ ಭಾಲ್ಕಿಯ ಸೋದರಮಾವನ ಮನೆಗೆ ಹೋದೆ. ಮಾವ ಝುಬಿನ್ ಮೆಹ್ತಾರ ಕಥೆ ಹೇಳಿದರು. 1936ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. 1954ರಲ್ಲಿ ವಿಯೆನ್ನಾಕ್ಕೆ ಹೋಗಿ ವಾದ್ಯವೃಂದ ನಡೆಸುವುದನ್ನು ಕಲಿತರು. ಜೊತೆಗೆ ತಾವೂ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸಿದರು. 1978ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾದರು.

"ತಮ್ಮಾ, ಎಲ್ಲಾ ವಾದ್ಯ ಸದ್ದು ಮಾಡ್ತಾವ, ಕೋಲು ಮಾಡಂಗಿಲ್ಲ. ಕೋಲು ಹಿಡಿದವನ ಕೆಲಸ ಕೇಳೋದು."

ಮರುವಾರ ಕೊಳಲಿನವನ ಪಕ್ಕದಲ್ಲೇ ನಿಂತು ಕೇಳಿದೆ. ಅವನಿಗೆ ಉಸಿರೆಳೆಯಲೂ ನಾನು ಬಿಡುವು ಕೊಟ್ಟಿರಲಿಲ್ಲ!

ಈಗ ನಾನೂ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತೇನೆ. ಲೀಡರ್ ಆಗುವವರು ಮೊದಲು ಒಂದು ವಾರ ಕೊಳಲು ಊದಬೇಕು.