ಹಬ್ಬದ ಸದ್ದಿನಲ್ಲಿ ನಮ್ಮ ಕಾಳ್ಯಾ

ನಮ್ಮ ಚಂದಾಪುರದಲ್ಲಿ ದೀಪಾವಳಿ ಅಂದರೆ ನರಕ ಚತುರ್ದಶಿಯ ನಸುಕಿನಿಂದ ಬಲಿಪಾಡ್ಯದ ರಾತ್ರಿಯವರೆಗೆ ಸದ್ದೋ ಸದ್ದು. ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ಮುಗಿಯಿತೆಂದರೆ ಸರಪಟಾಕಿಗೆ ಬೆಂಕಿ ಬಿತ್ತೆಂದೇ ಲೆಕ್ಕ. ದೀಪಾವಳಿಯ ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಹಾರಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ನಮ್ಮ ಓಣಿಯ ಹುಡುಗರ ಗಡಿಯಾರವೇ ಬೇರೆ, ಇರಲಿ.

ಈ ಮೂರು ದಿನ ನಮ್ಮ ಮನೆಯ ನಾಯಿ ಕಾಳ್ಯಾ ರೊಟ್ಟಿ ಮುಟ್ಟುವುದಿಲ್ಲ. ಟ್ರ್ಯಾಕ್ಟರಿನ ಬೆನ್ನು ಹತ್ತಿ ಬೊಗಳುವ ಗಂಡುನಾಯಿ, ಮೊದಲ ಢಂ ಎನ್ನುವ ಸದ್ದಿಗೇ ಮಂಚದ ಕೆಳಗೆ ಸೇರುತ್ತದೆ. ಒಮ್ಮೆ ಮೊಮ್ಮಗಳು ಕೇಳಿದಳು: "ಮುತ್ಯಾ, ಕಾಳ್ಯಾಗ ನಿದ್ದಿ ಬಂದದೇನು? ಬರೇ ಆಕಳಿಸಲಿಕತ್ತದ."

ಅದು ನಿದ್ದೆಯಲ್ಲ, ಅಂಜಿಕೆ. ಮತ್ತೆ ಮತ್ತೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಸೆಕೆ ಇಲ್ಲದಿದ್ದರೂ ತೇಕುವುದು, ಬಾಲ ಕಾಲಸಂದಿಗೆ ಸೇರಿಸುವುದು, ಇವೆಲ್ಲ ನಾಯಿ ಹೆದರಿದ್ದರ ಗುರುತು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿದರೆ, ನಾಯಿಗೆ 45,000ದ ಆಸುಪಾಸಿನವರೆಗೂ ಕೇಳುತ್ತದೆ. ಮೇಲಾಗಿ ಬತ್ತಿಗೆ ಬೆಂಕಿ ಹಚ್ಚಿದ್ದು ನಮಗೆ ಕಾಣುತ್ತದೆ, ಕಿವಿ ಮುಚ್ಚಿಕೊಳ್ಳುತ್ತೇವೆ. ಸದ್ದು ಯಾಕೆ ಬಂತು, ಮುಂದಿನದು ಯಾವಾಗ, ಅದಕ್ಕೇನು ಗೊತ್ತು?

ಹೆದರಿದ ನಾಯಿ ದಿಕ್ಕು ನೋಡದೆ ಓಡುತ್ತದೆ. ಮೂರು ವರ್ಷದ ಹಿಂದೆ ನಮ್ಮ ಓಣಿಯದೊಂದು ನಾಯಿ ಅಮಾವಾಸ್ಯೆಯ ರಾತ್ರಿ ಸರಪಳಿ ಹರಿದುಕೊಂಡು ಹೋದದ್ದು ತಿರುಗಿ ಬರಲೇ ಇಲ್ಲ. ಆ ಮನೆಯ ಹುಡುಗ ವಾರಗಟ್ಟಲೆ ಹೊಳೆಯವರೆಗೂ ಕೂಗುತ್ತ ತಿರುಗಿದ. ಅಂದಿನಿಂದ ನಾನು ಕಾಳ್ಯಾನ ಕೊರಳಪಟ್ಟಿಯ ಮೇಲೆ ನಮ್ಮ ಫೋನ್ ನಂಬರು ಬರೆದಿದ್ದೇನೆ. ಹಬ್ಬದಲ್ಲಿ ಅಂಗಳದಲ್ಲಿ ಕಟ್ಟುವುದೂ ಇಲ್ಲ. ಜಗ್ಗಾಡಿದರೆ ಸರಪಳಿಯೇ ಕುತ್ತಿಗೆಗೆ ಉರುಲಾಗುತ್ತದೆ.

ಹೊತ್ತು ಮುಳುಗುವ ಮೊದಲೇ ತಿರುಗಾಡಿಸಿ, ಊಟ ಹಾಕಿ, ತೊಗರಿ ಚೀಲ ಇಡುವ ಒಳಕೋಣೆಗೆ ಕರೆದೊಯ್ಯುತ್ತೇವೆ. ಚೀಲಗಳ ನಡುವೆ ಹಳೆಯ ಕೌದಿ, ಒಂದು ಬೋಗುಣಿ ನೀರು. ಕಿಟಕಿಗೆ ದಪ್ಪ ಚಾದರ. ಬೇಸಿಗೆ ಮುಗಿದ ಮೇಲೆ ಮೂಲೆ ಸೇರಿದ ಕೂಲರನ್ನು ಒಳತಂದು, ನೀರು ಹಾಕದೆ ಬರೇ ಫ್ಯಾನು ಹಚ್ಚುತ್ತೇವೆ. ನಮ್ಮ ಕಡೆಯ ಕೂಲರಿನ ಗುರ್ ಸದ್ದು ಗೊತ್ತಲ್ಲ, ಹೊರಗಿನ ಅರ್ಧ ಗದ್ದಲ ಅದರಲ್ಲೇ ಮುಳುಗುತ್ತದೆ! ಮನೆಯವರೆಲ್ಲ ನಕ್ಕರು. ಕಾಳ್ಯಾ ಮಾತ್ರ ಅದರ ಪಕ್ಕದಲ್ಲೇ ಮಲಗಿತು.

ಅಂಜಿದ ನಾಯಿಯನ್ನು ಮುದ್ದು ಮಾಡಿದರೆ ಅಂಜಿಕೆ ಹೆಚ್ಚುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆದರಿಕೆ ಬಿಸ್ಕತ್ತಿನ ಆಸೆಗೆ ಕಲಿಯುವ ಆಟವಲ್ಲ. ತಾನಾಗಿ ಬಂದು ಒರಗಿದರೆ ಮೆಲ್ಲಗೆ ಬೆನ್ನು ಸವರಿ. ಮಂಚದ ಕೆಳಗೇ ಇರುತ್ತೇನೆಂದರೆ ಬಿಟ್ಟುಬಿಡಿ. ಮಕ್ಕಳೇ, ಎಳೆದು ತೆಗೆಯಲು ಕೈ ಹಾಕಬೇಡಿ. ಸಾಕಿದ ನಾಯಿಯೂ ಹೆದರಿಕೆಯಲ್ಲಿ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ತಡಮಾಡದೆ ದವಾಖಾನೆಗೆ ಹೋಗಬೇಕು.

ನಡುಕ ಬಹಳವಿದ್ದರೆ ಹಬ್ಬಕ್ಕೆ ಒಂದು ವಾರ ಮೊದಲೇ ಪಶುವೈದ್ಯರನ್ನು ಕಾಣಿ. ನಮ್ಮ ವಯಸ್ಸಿನವರ ತಲೆದಿಂಬಿನ ಕೆಳಗಿರುವ ನಿದ್ದೆಗುಳಿಗೆ, ಪ್ಯಾರಾಸಿಟಮಾಲ್ ನಾಯಿಗೆ ಕೊಡಲೇಬಾರದು, ಜೀವಕ್ಕೆ ಅಪಾಯ. ಪ್ರೀತಿಯಿಂದ ಚಾಕೊಲೇಟು, ಒಣದ್ರಾಕ್ಷಿ ಹಾಕಿದ ಉಂಡಿ ಕೊಡುವುದೂ ಬೇಡ. ಅವು ನಾಯಿಗೆ ವಿಷ.

ಬೀದಿನಾಯಿಗಳಿಗೆ ಒಳಕೋಣೆ ಎಲ್ಲಿಂದ ಬರಬೇಕು? ಆ ರಾತ್ರಿ ನಾವು ಗೇಟು ಸ್ವಲ್ಪ ತೆರೆದಿಡುತ್ತೇವೆ. ಜಗುಲಿಯ ಮೂಲೆಗೆ ಒಂದೆರಡು ಬಂದು ಮುದುಡಿಕೊಳ್ಳುತ್ತವೆ. ಬಾಲಕ್ಕೆ ಪಟಾಕಿ ಕಟ್ಟುವ ಹುಡುಗರಿಗೆ ಮಾತ್ರ ನಾನು ಮುತ್ಯಾ ಅಲ್ಲ. ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಅವರ ಅಪ್ಪಂದಿರಿಗೂ ಹೇಳಿದ್ದೇನೆ.

ಬೆಳಿಗ್ಗೆ ಕಾಳ್ಯಾನನ್ನು ಬಿಡುವ ಮೊದಲು ಅಂಗಳ ಗುಡಿಸುವ ಕೆಲಸ ಮೊಮ್ಮಗಳದ್ದು. ಸಿಡಿಯದ ಪಟಾಕಿಯ ಮದ್ದು ನಾಯಿಯ ಹೊಟ್ಟೆಗೆ ಹೋಗಬಾರದು. ಅವಳು ಎಲ್ಲವನ್ನೂ ಕಸಬರಿಗೆಯಿಂದಲೇ ದೂಡಿ ಗುಂಪು ಹಾಕುತ್ತಾಳೆ, ನಾನು ಒಂದು ಬಕೆಟ್ ನೀರು ಸುರಿಯುತ್ತೇನೆ. ಆಮೇಲೆ ಕೋಣೆಯ ಬಾಗಿಲು ತೆಗೆಯುತ್ತೇವೆ.