ನೀರಿನ ಡಬ್ಬಿಯ ಆಟ

ಗುಂಡಿಯೊತ್ತಿದರೆ ನೀರೊಳಗಿನ ಉಂಗುರಗಳು ಮೇಲೆ ನೆಗೆದು, ಮೆಲ್ಲಗೆ ಇಳಿದು ಕಡ್ಡಿಗೆ ಸಿಕ್ಕಿಕೊಳ್ಳುವ ಆಟದ ಡಬ್ಬಿಯನ್ನು ನೋಡದವರಾರು? ಜಪಾನಿನ ಟೋಮಿ ಕಂಪನಿ 1976ರಲ್ಲಿ ಅದನ್ನು ಪೇಟೆಗೆ ತಂದಿತು. ಹಿಮಾಯತ್‌ನಗರದ ಈ ಗುಮಾಸ್ತನಿಗೂ ಅಂಥದೊಂದನ್ನು ಮಾಡುವ ಹುಚ್ಚು ಹಿಡಿಯಿತು.

ಕಾರಣವಿಷ್ಟೆ. ಮಗಳು ಶಾಲೆಯಲ್ಲಿ ಕಲಿಯುವುದು ತೆಲುಗು. ಮನೆಯಲ್ಲಿ ಅರಳು ಹುರಿದಂತೆ ಕನ್ನಡವಾಡುತ್ತಾಳೆ; ಆದರೆ ಧಾರವಾಡದಿಂದ ಕಾಗದ ಬಂದರೆ, “ಅಪ್ಪಾ, ಅಜ್ಜಿ ಏನ್ ಬರದಾಳ, ಓದಿ ಹೇಳು” ಎನ್ನುತ್ತಾಳೆ. ಎರಡು ಲಿಪಿಗಳೂ ಅಕ್ಕತಂಗಿಯರೇ. ಆದರೂ ಕ, ತ, ಶ ಬಂದಲ್ಲಿ ಮಗು ತಡವರಿಸುತ್ತದೆ.

ಬಾಟಲಿಯ ಮುಚ್ಚಳದಿಂದ ಕತ್ತರಿಸಿದ ಉಂಗುರ ತೇಲಿತು. ಕಬ್ಬಿಣದ ವಾಷರು ತಳ ಹಿಡಿಯಿತು. ಅದೇ ಬಾಟಲಿಯ ಮೈಯಿಂದ ಕತ್ತರಿಸಿದ್ದು, ನೀರಿಗಿಂತ ಸ್ವಲ್ಪವೇ ಭಾರವಾದ್ದರಿಂದ, ಹೊಯ್ದಾಡುತ್ತ ನಿಧಾನವಾಗಿ ಇಳಿಯಿತು. ಒತ್ತಲು ಹಳೆಯ ಆಟೋ ಹಾರ್ನಿನ ರಬ್ಬರ್ ಬುಡ್ಡೆ ಒದಗಿತು. ಗಟ್ಟಿ ಡಬ್ಬಿಗೆ ಕಂಠಮಟ್ಟ ನೀರು ತುಂಬಿದರೆ ಬುಡ್ಡೆ ಒತ್ತಲು ಬಾರದು. ನೀರು ಕುಗ್ಗುವ ವಸ್ತುವಲ್ಲ. ಕುಗ್ಗಿ ಜಾಗ ಕೊಡಲು ಮೇಲೆ ಒಂದು ಬೆರಳಷ್ಟು ಗಾಳಿ ಬೇಕು.

ಒಳಗೆ ಮೂರು ಕಡ್ಡಿ ನೆಟ್ಟು, ಹಿಂದೆ ಕ, ತ, ಶ ಬರೆದೆ. ನಾನು ಅಕ್ಷರ ಕೂಗಬೇಕು, ಅವಳು ಆ ಕಡ್ಡಿಗೇ ಉಂಗುರ ಹಾಕಬೇಕು. ಅವಸರಪಟ್ಟು ಒತ್ತಿದರೆ ಎಲ್ಲವೂ ಕಲಕಿಹೋಗುತ್ತದೆ.

ಮೊನ್ನೆ ಬಂದ ಅಜ್ಜಿಯ ಕಾಗದದಲ್ಲಿ ಆ ಮೂರನ್ನೂ ತಾನೇ ಹುಡುಕಿ ಬೆರಳಿಟ್ಟಳು. ಉಳಿದ ಅಕ್ಷರಗಳಿಗೆ ಇನ್ನೂ ಕಡ್ಡಿ ನೆಡುವುದಿದೆ.